ಸಲಿಕೆ ಮುಟ್ಟದ ಮೂಲೆ

ಬಂದರಿನಿಂದ ಮೊದಲ ಫ್ಯಾಕ್ಸ್ ಬಂದಾಗ ನಾನು ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದೆ. ಹೊಸಪೇಟೆಯ ಆ ಅದಿರು ಪರೀಕ್ಷೆಯ ಲ್ಯಾಬಿಗೆ ಸೇರಿ ನಾಲ್ಕು ತಿಂಗಳಾಗಿತ್ತು. ಪ್ರೊಬೇಷನ್ ಮುಗಿಯಲು ಇನ್ನೆರಡು ತಿಂಗಳು ಬಾಕಿ. ನಮ್ಮ ಮುಖ್ಯ ಕೆಮಿಸ್ಟ್ ಹಾಳೆಯನ್ನು ತಂದು ನನ್ನ ಡಬ್ಬಿಯ ಪಕ್ಕ ಇಟ್ಟು ಹೋದರು. ಗಣಿಯವರ ಒಂದು ರೇಕು, ಅಂದರೆ ಒಂದು ಗೂಡ್ಸ್ ರೈಲು ತುಂಬುವಷ್ಟು ಅದಿರಿಗೆ, ಕಬ್ಬಿಣದ ಅಂಶ ಶೇಕಡ ಅರವತ್ಮೂರೂವರೆ ಎಂದು ನಾನು ಬರೆದುಕೊಟ್ಟಿದ್ದೆ. ಬಂದರಿನ ಲ್ಯಾಬು ಅದೇ ಅದಿರಿಗೆ ಅರವತ್ತೆರಡು ಎಂದು ಬರೆದಿತ್ತು.

ಒಂದೂವರೆ ಅಂದರೆ ಏನು ಮಹಾ ಎಂದು ಹೊರಗಿನವರಿಗೆ ಅನ್ನಿಸಬಹುದು. ಆ ವರ್ಷಗಳಲ್ಲಿ ಸಂಡೂರಿನ ಬೆಟ್ಟದಿಂದ ಹೊಸಪೇಟೆಯವರೆಗೆ ಲಾರಿಗಳು ಒಂದರ ಬಾಲಕ್ಕೆ ಇನ್ನೊಂದು ಮೂಗು ತಾಗಿಸಿಕೊಂಡು ನಿಲ್ಲುತ್ತಿದ್ದವು. ಅದಿರು ಹಡಗು ಹತ್ತಿ ಚೀನಾಕ್ಕೆ ಹೋಗುತ್ತಿತ್ತು, ದಶಮಾಂಶ ಒಂದಕ್ಕೂ ಜನ ಜಗಳಕ್ಕೆ ನಿಲ್ಲುತ್ತಿದ್ದರು. ಒಂದೂವರೆ ಎಂದರೆ ಲ್ಯಾಬಿನ ಮಾನ ಹೋದ ಹಾಗೇ. ನಾನು ಡಬ್ಬಿ ಮುಚ್ಚಿಟ್ಟೆ.

ಮೊದಲು ಬಂದದ್ದು ಸಿಟ್ಟು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮವ್ವ ಕಂಪ್ಲಿಯ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ, ಸುಳ್ಳೇನಲ್ಲ. ಬಂದರಿನವರಿಗೆ ಟೈಟ್ರೇಷನ್ ಮಾಡಲು ಬರುವುದಿಲ್ಲ ಎಂದುಕೊಳ್ಳುತ್ತ ಎಲ್ಲವನ್ನೂ ಮೊದಲಿನಿಂದ ಶುರು ಮಾಡಿದೆ. ಕಾಯ್ದಿಟ್ಟಿದ್ದ ಮಾದರಿಯಿಂದ ಅರ್ಧ ಗ್ರಾಂ ಪುಡಿ ತೂಗಿ, ಆಸಿಡ್‌ನಲ್ಲಿ ಹಾಕಿ ಹಾಟ್‌ಪ್ಲೇಟಿನ ಮೇಲೆ ಕರಗಿಸಿದೆ. ಹಳದಿ ಬಣ್ಣ ಹೋಗುವ ತನಕ ಸ್ಟ್ಯಾನಸ್ ಕ್ಲೋರೈಡ್ ಹನಿಹನಿಯಾಗಿ ಬಿಟ್ಟೆ. ತಣ್ಣಗಾದ ಮೇಲೆ ಮರ್ಕ್ಯುರಿಕ್ ಕ್ಲೋರೈಡ್ ಹಾಕಿದರೆ ರೇಷ್ಮೆಯಂತೆ ಮಿನುಗುವ ತೆಳ್ಳನೆಯ ಬಿಳಿ ಗಸಿ ಬರಬೇಕು, ಬೂದು ಬಣ್ಣ ಬಂದರೆ ಚೆಲ್ಲಿ ಮತ್ತೆ ಮಾಡಬೇಕು. ಕೊನೆಗೆ ಬ್ಯುರೆಟ್ಟಿನಿಂದ, ಅಂದರೆ ಅಳತೆಯ ಗೀಟುಗಳಿರುವ ಉದ್ದನೆಯ ಗಾಜಿನ ಕೊಳವೆಯಿಂದ, ಡೈಕ್ರೊಮೇಟ್ ಬಿಡುತ್ತ, ಹಸಿರು ಹೋಗಿ ನೇರಳೆಗೆ ತಿರುಗಿದ ಆ ಒಂದು ಹನಿಗೆ ಕೈ ನಿಲ್ಲಿಸಬೇಕು. ನಿಲ್ಲಿಸಿದೆ. ಅರವತ್ಮೂರೂವರೆ. ಹೊಸ ದ್ರಾವಣ ಮಾಡಿಕೊಂಡು ಮತ್ತೆ ಮಾಡಿದೆ, ಅಷ್ಟೇ ಬಂತು. ಅಂಶ ಮೊದಲೇ ಖಚಿತವಾಗಿ ಗೊತ್ತಿರುವ ಪ್ರಮಾಣಿತ ಪುಡಿಯನ್ನೂ ಪರೀಕ್ಷೆಗೆ ಹಚ್ಚಿ ನೋಡಿದೆ, ಅದೂ ಕರಾರುವಾಕ್ಕಾಗಿ ಬಂತು.

ಎಂಟು ದಿನಕ್ಕೆ ಎರಡನೆಯ ರೇಕಿನ ಫ್ಯಾಕ್ಸ್ ಬಂತು. ನನ್ನದು ಅರವತ್ಮೂರು ಪಾಯಿಂಟ್ ಎರಡು, ಅವರದು ಅರವತ್ತೊಂದು ಪಾಯಿಂಟ್ ಎಂಟು.

ಮುಖ್ಯ ಕೆಮಿಸ್ಟ್ ನನ್ನನ್ನು ತಮ್ಮ ಕೋಣೆಗೆ ಕರೆದರು. ಅವರು ಹೊಸಪೇಟೆಯವರೇ, ಹಣೆಗೆ ಸಣ್ಣ ಅಂಗಾರ ಅಕ್ಷತೆ ಇಟ್ಟುಕೊಂಡು ಬರುವವರು, ದನಿ ಏರಿಸಿದ್ದನ್ನು ನಾನು ಕಂಡಿರಲಿಲ್ಲ. ಅವತ್ತೂ ಏರಿಸಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

“ನೋಡಮ್ಮ, ತಪ್ಪು ಎರಡೇ ಕಡೆ ಆಗಲಿಕ್ಕೆ ಸಾಧ್ಯ. ಒಂದು ನಿನ್ನ ಬ್ಯುರೆಟ್ಟು, ಇಲ್ಲಾ ಅಂದ್ರ ಮೇಸ್ತ್ರಿ ಸಲಿಕೆ. ಮೂರನೇ ರೇಕೂ ಹಿಂಗ ಆದ್ರ ಗಣಿಯವರು ನಮ್ಮನ್ನ ಬಿಡ್ತಾರ. ಅದಕ್ಕ ಮೊದಲು ನಿಮ್ಮಿಬ್ಬರಾಗ ಒಬ್ಬರನ್ನ ನಾನು ಬಿಡಬೇಕಾಗ್ತದ.”

ಈ ಮೇಸ್ತ್ರಿ ನಮ್ಮ ಲ್ಯಾಬಿನ ಸ್ಯಾಂಪ್ಲಿಂಗ್ ಮೇಸ್ತ್ರಿ, ಸಂಡೂರಿನ ಕಡೆಯ ಅರವತ್ತರ ಹತ್ತಿರದ ಮನುಷ್ಯ. ಗೂಡ್ಸ್ ರೈಲು ನಿಲ್ಲಿಸಿ ತುಂಬುವ ರೈಲ್ವೆ ಸೈಡಿಂಗಿನ ಪಕ್ಕದ ಸ್ಟಾಕ್‌ಯಾರ್ಡಿನಲ್ಲಿ ಲಾರಿಗಳು ಅದಿರು ಸುರಿದು ದೊಡ್ಡ ರಾಶಿ ಕಟ್ಟುತ್ತಿದ್ದವು. ಆ ರಾಶಿಯಿಂದ ಮಾದರಿ ತೆಗೆದು ನನ್ನ ಮೇಜಿಗೆ ಕಳಿಸುವುದು ಅವರ ಕೆಲಸ. ನಾಲ್ಕು ತಿಂಗಳಲ್ಲಿ ನಾನು ಅವರ ಜೊತೆ ನಾಲ್ಕು ಮಾತೂ ಆಡಿರಲಿಲ್ಲ. ಬಿ.ಎಸ್‌ಸಿ. ಫಸ್ಟ್ ಕ್ಲಾಸಿನ ಕೊಬ್ಬು. ಚೀಲ ಬರುತ್ತಿತ್ತು, ಚೀಟಿ ಓದುತ್ತಿದ್ದೆ, ಅಷ್ಟೇ.

ನನ್ನ ಬ್ಯುರೆಟ್ಟು ಸರಿಯಿದೆ ಎಂದು ನನಗೆ ಗೊತ್ತಿತ್ತು. ಹಾಗಾದರೆ ಉಳಿದದ್ದು ಸಲಿಕೆ. ಲ್ಯಾಬಿನಿಂದ ಆಟೋ ಹಿಡಿದು ಸೀದಾ ಸ್ಟಾಕ್‌ಯಾರ್ಡಿಗೆ ಹೋದೆ. ಮೇಸ್ತ್ರಿ ತಮ್ಮ ಆಳುಗಳ ಜೊತೆ ಮಂಡಕ್ಕಿ ಒಗ್ಗರಣೆ ತಿನ್ನುತ್ತಿದ್ದರು. ಅಲ್ಲೇ, ಎಲ್ಲರ ಎದುರಿಗೇ, ನಾನು ಬಾಯಿಗೆ ಬಂದಂತೆ ಅಂದೆ. ಕೈಗೆ ಸಿಕ್ಕ ಕಡೆ ಬಾಚಿ ಚೀಲ ತುಂಬಿಸಿ ಕಳಿಸುತ್ತೀರಿ, ಬೈಸಿಕೊಳ್ಳುವುದು ನಾನು ಎಂದೆ. ಇನ್ನೂ ಏನೇನೋ ಅಂದೆ. ಈಗ ಬರೆಯಲು ನಾಚಿಕೆಯಾಗುತ್ತದೆ.

ಅವರು ಕೈಯಲ್ಲಿದ್ದ ಮಿರ್ಚಿಯನ್ನು ಕಾಗದದ ಮೇಲೆ ಇಟ್ಟು ಎದ್ದು ನಿಂತರು. “ಯವ್ವ, ನಾ ಸಲಿಕಿ ಹಿಡದಾಗ ನೀ ಇನ್ನಾ ಹುಟ್ಟಿದ್ದಿಲ್ಲ. ನಾಳಿಂದ ಹೊಸ ರಾಶಿ ಸ್ಯಾಂಪಲ್ ತಗೀತೀವಿ. ಮೂರು ದಿನದ ಕೆಲಸ. ಬಂದು ನಿಂತು ನೋಡು. ತಪ್ಪು ಕಂಡ್ರ ಅಲ್ಲೇ ಕೈ ಹಿಡಿ.”

ಹೋದೆ. ಮೂರು ದಿನವೂ ಕಂಪ್ಲಿಯಿಂದ ಮೊದಲ ಬಸ್ಸು ಹಿಡಿದು, ಮುಖಕ್ಕೆ ವೇಲ್ ಸುತ್ತಿಕೊಂಡು, ಬಿಸಿಲಿನಲ್ಲಿ ನಿಂತು ನೋಡಿದೆ. ತಪ್ಪು ಹಿಡಿಯಲೇಬೇಕು ಎಂದು ಹಟ ತೊಟ್ಟು ನೋಡಿದೆ ಎಂದರೆ ಸರಿ. ಅವರು ಹಗ್ಗ ಹಿಡಿದು, ಸುಣ್ಣದ ಪುಡಿ ಉದುರಿಸಿ ರಾಶಿಯ ಮೇಲೆ ಚೌಕ ಹಾಕಿದರು. ಪ್ರತಿ ಚೌಕದಲ್ಲೂ ಮೇಲಿನ ಒಂದು ಮೊಳ ಅದಿರನ್ನು ಕೆರೆದು ಬದಿಗೆ ತಳ್ಳಿದರು. ಮೇಲೆ ಕೂತದ್ದು ಗಾಳಿಗೆ ಧೂಳು ಹಾರಿದ ಅದಿರು, ಅದು ನಿಜ ಹೇಳುವುದಿಲ್ಲ ಎಂದರು. ಆಮೇಲೆ ಒಳಗಿನಿಂದ ಒಂದೇ ಅಳತೆಯ ಸಲಿಕೆ, ಗಟ್ಟಿಯೂ ಪುಡಿಯೂ ಬಂದಂತೆ. ಆಳೊಬ್ಬ ದಪ್ಪ ಹೆಂಟೆಯನ್ನು ಕಾಲಿನಿಂದ ಒದ್ದು ದೂರ ಸರಿಸಿದಾಗ ಅವನಿಂದಲೇ ಅದನ್ನು ವಾಪಸ್ ಹೆಕ್ಕಿಸಿದರು. ನಾನು ಪುಸ್ತಕದಲ್ಲಿ ಓದಿ ಮಾರ್ಕು ತೆಗೆದಿದ್ದೆಲ್ಲವನ್ನೂ ಅವರು ಪುಸ್ತಕ ಓದದೆ ಮಾಡುತ್ತಿದ್ದರು. ಮೂರನೆಯ ದಿನದ ಹೊತ್ತಿಗೆ ನನ್ನ ಸಿಟ್ಟು ಇಳಿದು ಹೋಗಿತ್ತು, ಭಯ ಮಾತ್ರ ಹಾಗೇ ಇತ್ತು. ಅವತ್ತಿನಿಂದ ಮೇಸ್ತ್ರಿ ಅನ್ನುವುದು ಬಿಟ್ಟು ತಾತ ಎಂದು ಕರೆಯತೊಡಗಿದೆ. ಅವತ್ತು ಮಧ್ಯಾಹ್ನ ಅವರು ನನಗೂ ಒಂದು ಪೊಟ್ಟಣ ಮಂಡಕ್ಕಿ ತರಿಸಿದರು.

ಮಾಮೂಲಿಯಂತೆ ಎಲ್ಲ ಚೌಕದ ಅದಿರನ್ನು ಒಟ್ಟು ಸುರಿದು, ಗುಡ್ಡೆ ಮಾಡಿ, ಚಪ್ಪಟೆ ತಟ್ಟಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಉಳಿದದ್ದನ್ನು ಬಿಡಬೇಕು. ಹೀಗೆ ಮಾಡುತ್ತ ಮಾಡುತ್ತ ಒಂದು ಚೀಲಕ್ಕೆ ಇಳಿಸುತ್ತಾರೆ. ಈ ಸಲ ಮಾತ್ರ ನಾನು ಪ್ರತಿ ಚೌಕದ್ದೂ ಬೇರೆ ಬೇರೆ ಪೊಟ್ಟಣ ಬೇಕು ಎಂದೆ. ನಲವತ್ತು ಪೊಟ್ಟಣ. ಮುಖ್ಯ ಕೆಮಿಸ್ಟ್ ಹುಬ್ಬು ಗಂಟಿಕ್ಕಿದರು, ಆದರೂ ಶನಿವಾರ ಭಾನುವಾರ ನೀನೇ ಬಂದು ಮಾಡಿಕೊಳ್ಳುವುದಾದರೆ ಮಾಡು ಎಂದರು. ಎರಡು ದಿನ ಹಾಟ್‌ಪ್ಲೇಟ್ ಆರಲಿಲ್ಲ. ಆಸಿಡ್ ಹೊಗೆಗೆ ಕಣ್ಣು ಕೆಂಪಾಗಿ, ಬಸ್ಸಿನಲ್ಲಿ ಪಕ್ಕದವಳು ಯಾಕವ್ವ ಅಳಾಕತ್ತೀ ಎಂದು ಕೇಳಿದಳು.

ನಲವತ್ತೂ ಪೊಟ್ಟಣ ಅರವತ್ಮೂರು, ಅರವತ್ನಾಲ್ಕರ ನಡುವೆ. ಸರಾಸರಿ ಅರವತ್ಮೂರು ಪಾಯಿಂಟ್ ನಾಲ್ಕು. ರಾಶಿ ಎಲ್ಲ ಕಡೆ ಒಂದೇ ಸಮ ಇದೆ, ಬ್ಯುರೆಟ್ಟೂ ಸರಿ, ಸಲಿಕೆಯೂ ಸರಿ, ಬಂದರಿನವರೇ ತಪ್ಪು! ಮುಖ್ಯ ಕೆಮಿಸ್ಟ್ ಮೊದಲ ಸಲ ನನ್ನ ಎದುರು ನಕ್ಕರು. ಬಂದರಿಗೆ ಖಾರವಾಗಿ ಒಂದು ಪತ್ರ ಟೈಪ್ ಮಾಡಿಸಿದರು. ಪತ್ರದ ಜೊತೆ ಲಗತ್ತಿಸಲು ರಾಶಿಯ ನಕ್ಷೆ ಬರೆದು, ಯಾವ ಚೌಕಕ್ಕೆ ಯಾವ ಸಂಖ್ಯೆ ಎಂದು ತುಂಬಿಸಿ ಕೊಡು, ಬಾಯಿ ಮುಚ್ಚಿಕೊಳ್ಳಲಿ ಎಂದರು. ನಾನು ಹಾಡು ಗುನುಗುತ್ತ ಗ್ರಾಫ್ ಹಾಳೆ ತೆಗೆದುಕೊಂಡು ಕೂತೆ.

ರಾಶಿಯ ಉದ್ದಗಲವನ್ನು ನಾನೇ ಟೇಪು ಹಿಡಿದು ಅಳೆದಿದ್ದೆ. ಆ ಅಳತೆಗೆ ಗೆರೆ ಎಳೆದರೆ ಎಂಟಕ್ಕೆ ಆರು, ನಲವತ್ತೆಂಟು ಚೌಕ ಆದವು. ತಪ್ಪಾಯಿತೇನೋ ಎಂದು ಅಳಿಸಿ ಮತ್ತೆ ಎಳೆದೆ. ಮತ್ತೆ ನಲವತ್ತೆಂಟು. ನನ್ನ ಹತ್ತಿರ ಇದ್ದದ್ದು ನಲವತ್ತು ಸಂಖ್ಯೆ. ಎಲ್ಲವನ್ನೂ ತುಂಬಿಸಿದ ಮೇಲೆ ಈಶಾನ್ಯದ ಮೂಲೆಯಲ್ಲಿ ಎಂಟು ಚೌಕ ಖಾಲಿ ಉಳಿದವು.

ನಾನು ಆ ಖಾಲಿ ಜಾಗವನ್ನು ನೋಡುತ್ತ ಕೂತೆ. ಅದು ಪೂಜೆಯ ಮೂಲೆ. ಹೊಸ ರಾಶಿಯ ಮೊದಲ ಲಾರಿ ಈಶಾನ್ಯದಲ್ಲೇ ಸುರಿಯಬೇಕು, ಅಲ್ಲಿ ಅರಿಶಿನ ಕುಂಕುಮ ಹಚ್ಚಿ, ಊರಮ್ಮನ ಹೆಸರಿನಲ್ಲಿ ಕಾಯಿ ಒಡೆದು, ಆಮೇಲೆ ಮುಂದಿನ ಕೆಲಸ. ಮೊದಲ ದಿನ ಅಲ್ಲಿ ಬಿದ್ದ ಅಷ್ಟೂ ಅದಿರು ತಾಯಿಯ ಪಾಲು. ರೈಲು ಬರುವ ತನಕ ಅದಕ್ಕೆ ಯಾರೂ ಕಾಲು ತಾಗಿಸುವುದಿಲ್ಲ, ಸಲಿಕೆ ಹಾಕುವುದಿಲ್ಲ. ಮೇಸ್ತ್ರಿ ಸುಣ್ಣದ ಗೆರೆಯನ್ನು ಅಲ್ಲಿಗೆ ನಿಲ್ಲಿಸಿದ್ದನ್ನು ನಾನು ನೋಡಿದ್ದೆ. ನೋಡಿದ್ದೆ ಏನು, ಮೂರು ದಿನವೂ ಚಪ್ಪಲಿ ಬಿಟ್ಟು ಆ ಮೂಲೆಗೆ ಕೈ ಮುಗಿದೇ ಮುಂದೆ ಹೋಗಿದ್ದೆ. ತಪ್ಪು ಹಿಡಿಯಲು ಕಣ್ಣಲ್ಲಿ ಕಣ್ಣಿಟ್ಟು ನಿಂತಿದ್ದ ನನಗೆ ಅದು ಬಿಟ್ಟುಹೋದ ಜಾಗ ಎಂದು ಹೊಳೆದೇ ಇರಲಿಲ್ಲ.

ನಕ್ಷೆಯ ಅಂಚಿನಲ್ಲಿ ಲೆಕ್ಕ ಹಾಕಿದೆ. ನಲವತ್ತು ಚೌಕ ಅರವತ್ಮೂರು ಪಾಯಿಂಟ್ ನಾಲ್ಕು ಇದ್ದು, ಪೂರಾ ರಾಶಿ ಬಂದರಿನವರು ಮೊದಲ ರೇಕಿಗೆ ಹೇಳಿದ ಹಾಗೆ ಅರವತ್ತೆರಡು ಬರಬೇಕಾದರೆ, ಈ ಎಂಟು ಚೌಕ ಎಷ್ಟಿರಬೇಕು? ಐವತ್ತೈದು. ಮೊದಲ ದಿನದ ಲಾರಿಗಳು ಬೇರೆ ಥರದ ಅದಿರು ತರುತ್ತವೆಯೇ?

ಸುಮ್ಮನಿದ್ದಿದ್ದರೆ ಪತ್ರ ಹೋಗುತ್ತಿತ್ತು, ಇಬ್ಬರ ಕೆಲಸವೂ ಸದ್ಯಕ್ಕೆ ಉಳಿಯುತ್ತಿತ್ತು. ಖಾಲಿ ಚೌಕ ಬಿಟ್ಟು ನಲವತ್ತಕ್ಕೇ ಗೆರೆ ಎಳೆದರೆ ಯಾರೂ ಕೇಳುತ್ತಿರಲಿಲ್ಲ. ಹೇಳಿದರೆ ನನ್ನ ಬ್ಯುರೆಟ್ಟು ಗೆದ್ದು ತಾತನ ಸಲಿಕೆ ಸೋಲುತ್ತದೆ, ನನ್ನ ನೌಕರಿ ಉಳಿದು ಅವರದು ಹೋಗುತ್ತದೆ. ಎಲ್ಲರೆದುರು ಬೈದ ನಾನು ಕೊನೆಗೆ ಅವರ ಅನ್ನಕ್ಕೂ ಕಲ್ಲು ಹಾಕಿದೆ ಎಂದಾಗುತ್ತದೆ. ಆ ಯೋಚನೆಯನ್ನು ನನ್ನಿಂದ ಸಹಿಸಲಾಗಲಿಲ್ಲ. ಅವತ್ತು ಬಸ್ಸಿನಲ್ಲಿ ಕಂಪ್ಲಿ ಬಂದದ್ದೂ ತಿಳಿಯಲಿಲ್ಲ, ಕಂಡಕ್ಟರು ಇಳಿಯಮ್ಮ ಎಂದ ಮೇಲೆ ಇಳಿದೆ.

ಮರುದಿನ ಬೆಳಿಗ್ಗೆ ಮುಖ್ಯ ಕೆಮಿಸ್ಟರ ಕೋಣೆಗೆ ಹೋಗದೆ ಸ್ಟಾಕ್‌ಯಾರ್ಡಿಗೆ ಹೋದೆ. ರೇಕು ಆಗಲೇ ಸೈಡಿಂಗಿಗೆ ಬಂದು ನಿಂತಿತ್ತು. ಗಣಿಯವರ ಡಿಸ್ಪ್ಯಾಚ್ ಮ್ಯಾನೇಜರ್ ಎರಡು ಫೋನು ಹಿಡಿದು ಓಡಾಡುತ್ತಿದ್ದರು, ಸರ್ಟಿಫಿಕೇಟ್ ಎಲ್ಲಿ ಎಂದು ದೂರದಿಂದಲೇ ಕೈಯಾಡಿಸಿ ಕೇಳಿದರು. ನಾನು ತಾತನನ್ನು ಪಕ್ಕಕ್ಕೆ ಕರೆದು ನಕ್ಷೆ ಬಿಡಿಸಿ ತೋರಿಸಿದೆ. ಅವರಿಗೆ ಸಂಖ್ಯೆ ಬೇಕಾಗಲಿಲ್ಲ, ಖಾಲಿ ಮೂಲೆ ಕಂಡಿತು, ತಿಳಿಯಿತು. ಗಣಿಯಲ್ಲಿ ಹೊಸ ಕಡೆ ಅಗೆಯಲು ಶುರು ಮಾಡಿದಾಗ ಮೊದಲು ನೆಲ ಬಳಿದ ಮಣ್ಣುಮಿಶ್ರ ಅದಿರನ್ನೇ ತುಂಬಿ ಕಳಿಸುತ್ತಾರೆ, ಮೊದಲ ದಿನದ ಲಾರಿಗಳಲ್ಲಿ ಬರುವುದು ಅದೇ, ಈಚೆಗೆ ಒಂದೊಂದು ರಾಶಿಗೂ ಹೊಸ ಕಡೆ ಅಗೆಯುತ್ತಿದ್ದಾರೆ ಎಂದು ಅವರೇ ಹೇಳಿದರು. ಒಂದಿಪ್ಪತ್ತು ವರ್ಷದಿಂದ ಗೊತ್ತಿದ್ದ ಸಂಗತಿ. ಎರಡನ್ನೂ ಜೋಡಿಸಿ ನೋಡಿರಲಿಲ್ಲ, ಅಷ್ಟೇ. ಅವರ ಮುಖ ಸಪ್ಪಗಾಯಿತು.

“ಹಂಗಾರ ತಪ್ಪು ನಂದ, ತಾಯಿ. ಸಾಹೇಬ್ರಿಗೆ ಹೇಳಿಬಿಡು.”

ನಮ್ಮಿಬ್ಬರದೂ ಎಂದೆ. ನಾನೂ ಕೈ ಮುಗಿದು ದಾಟಿದವಳೇ ಎಂದೆ. ಈಗ ಆ ಮೂಲೆಯಿಂದ ಮಾದರಿ ತೆಗೆಯಬೇಕು, ಬೇರೆ ಯಾರ ಕೈಯಲ್ಲೂ ಬೇಡ, ನೀವೇ ತೆಗೆಯಬೇಕು ಎಂದೆ. ಅವರು ತಲೆಯಾಡಿಸಲಿಲ್ಲ. ಸುಮಾರು ಹೊತ್ತು ಆ ಮೂಲೆಯ ಕಡೆಗೇ ನೋಡುತ್ತ ನಿಂತರು. ದುಡುಕಿ ಏನಾದರೂ ಅಂದುಬಿಡುವ ನಾನು ಆವತ್ತು ತುಟಿ ಕಚ್ಚಿಕೊಂಡು ಕಾದೆ. ನನ್ನ ಬದುಕಿನಲ್ಲಿ ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲಿರಬೇಕು. ಕೊನೆಗೆ ಅವರು ಆಳಿಗೆ ಒಂದು ಕಾಯಿ, ಊದುಬತ್ತಿ ತರಲು ಹೇಳಿದರು. ಕಾಲು ತೊಳೆದುಕೊಂಡು, ಕಾಯಿ ಒಡೆದು, ಸಲಿಕೆಗೂ ಕುಂಕುಮ ಹಚ್ಚಿದರು. “ಅವ್ವಾ, ನಿನ್ನ ಪಾಲು ಕಸಗಣಾಕ ಬಂದಿಲ್ಲ. ಖರೇ ಏನೈತಿ ಕೇಳಾಕ ಬಂದೀವಿ” ಎಂದು ಮೊದಲ ಸಲಿಕೆ ಹಾಕಿದರು.

ಇತ್ತ ಡಿಸ್ಪ್ಯಾಚ್ ಮ್ಯಾನೇಜರ್ ನಮ್ಮ ಮುಖ್ಯ ಕೆಮಿಸ್ಟರನ್ನು ಫೋನು ಮಾಡಿ ಕರೆಸಿಯಾಗಿತ್ತು. ಈ ಹುಡುಗಿ ಸಹಿ ಹಾಕುತ್ತಿಲ್ಲ, ರೈಲು ನಿಂತಿದೆ, ರೈಲ್ವೆಯವರು ದಂಡ ಹಾಕುತ್ತಾರೆ ಎಂದು ಒಂದೇ ಸಮನೆ ಅಂದರು. ಪ್ರೊಬೇಷನ್ ಅಲ್ಲೇನಮ್ಮ ನಿಂದು ಎಂದು ನನಗೂ ನೆನಪಿಸಿದರು. ಆದರೂ ಹಿಂದಿನ ದಿನ ಬಸ್ಸಿನಲ್ಲಿ ಕೂತು ಯೋಚಿಸಿದ್ದು ಕೈ ಹಿಡಿಯಿತು. ಬರೀ ಆಗುವುದಿಲ್ಲ ಎಂದು ನಿಂತರೆ ಯಾರೂ ಕೇಳುವುದಿಲ್ಲ, ಏನು ಮಾಡಿದರೆ ಆಗುತ್ತದೆ ಎಂದೂ ಹೇಳಬೇಕು. ಪಶ್ಚಿಮದ ಕಡೆಯಿಂದ ತುಂಬಲು ಶುರು ಮಾಡಿ ಎಂದೆ, ಅಲ್ಲಿನ ನಲವತ್ತು ಚೌಕ ಪರೀಕ್ಷೆಯಾಗಿದೆ, ಅದಕ್ಕೆ ನಾನು ಜವಾಬ್ದಾರಿ. ನಿಮ್ಮ ಲೋಡರ್ ಯಂತ್ರ ಈ ಸುಣ್ಣದ ಗೆರೆಗೆ ಬರುವುದರೊಳಗೆ ಈ ಮೂಲೆಯ ಸಂಖ್ಯೆ ನಿಮ್ಮ ಕೈಯಲ್ಲಿರುತ್ತದೆ. ರೈಲು ಒಂದು ನಿಮಿಷವೂ ಸುಮ್ಮನೆ ನಿಲ್ಲುವುದಿಲ್ಲ.

ಆಮೇಲೆ ಮುಖ್ಯ ಕೆಮಿಸ್ಟರ ಕಡೆ ತಿರುಗಿ, ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. “ಸರ್, ತಪ್ಪು ಬ್ಯುರೆಟ್ಟಿನದೂ ಅಲ್ಲ, ಸಲಿಕೆದೂ ಅಲ್ಲ. ನಾವಿಬ್ರೂ ಕಣ್ಣಿದ್ದೂ ಈ ಮೂಲಿ ಬಿಟ್ವಿ. ಒಬ್ಬರನ್ನ ಬಿಡೋದಾದ್ರ ಇಬ್ಬರನ್ನೂ ಬಿಡ್ರಿ.”

ಅವರು ನಕ್ಷೆ ತೆಗೆದುಕೊಂಡು, ಅಂಚಿನಲ್ಲಿ ನಾನು ಬರೆದಿದ್ದ ಐವತ್ತೈದರ ಲೆಕ್ಕವನ್ನು ಎರಡು ಸಲ ಓದಿದರು. ಮ್ಯಾನೇಜರಿಗೆ ಪಶ್ಚಿಮದಿಂದ ತುಂಬಿಸಿ ಎಂದರು. ನನಗೆ ಕಾರು ಹತ್ತು ಎಂದರು.

ಆ ದಿನದಂತೆ ನಾನು ಮತ್ತೆ ಯಾವತ್ತೂ ಕೆಲಸ ಮಾಡಿಲ್ಲ. ಒಣಗಿಸಿ, ಜಜ್ಜಿ, ಪುಡಿ ಮಾಡಿ, ಜರಡಿ ಹಿಡಿದು, ಎರಡು ಬೀಕರಿನಲ್ಲಿ ಕರಗಿಸಿ ಇಟ್ಟಾಗ ಮಧ್ಯಾಹ್ನ ಎರಡು ಗಂಟೆ. ಮುಖ್ಯ ಕೆಮಿಸ್ಟ್ ತಾವೇ ಅಂಗಿಯ ತೋಳು ಮಡಚಿ ಪಕ್ಕದಲ್ಲಿ ನಿಂತು ಎರಡನೆಯ ಬೀಕರು ನೋಡಿಕೊಂಡರು. ಬ್ಯುರೆಟ್ಟಿನ ನಲ್ಲಿ ತಿರುಗಿಸಿದೆ. ನೇರಳೆ ಬೇಗ ಬಂತು, ಅಂದರೆ ಕಬ್ಬಿಣ ಕಡಿಮೆ, ಅಷ್ಟು ಬೇಗ ಬಂದದ್ದನ್ನು ನಾನು ಆ ಗಣಿಯ ಅದಿರಿನಲ್ಲಿ ಕಂಡಿರಲಿಲ್ಲ. ಲೆಕ್ಕ ಹಾಕಿದೆ. ಐವತ್ತೈದು ಪಾಯಿಂಟ್ ಎರಡು. ಅವರದು ಐವತ್ತೈದು ಪಾಯಿಂಟ್ ಒಂದು. ನಾನು ಕುಣಿದೆ. ಲ್ಯಾಬ್ ಕೋಟು ಹಾಕಿಕೊಂಡೇ, ಮುಖ್ಯ ಕೆಮಿಸ್ಟರ ಎದುರಿಗೇ ಕುಣಿದೆ. ಅವರು ಬೀಕರ್ ಒಡೀಬ್ಯಾಡಮ್ಮ ಎಂದರು, ಆದರೆ ಅವರ ಬಾಯಿ ಕಿವಿಯ ತನಕ ಹೋಗಿತ್ತು.

ಲೋಡರು ಸುಣ್ಣದ ಗೆರೆಗೆ ಬರುವ ಮೊದಲೇ ನಾವು ಯಾರ್ಡಿನಲ್ಲಿದ್ದೆವು. ಮ್ಯಾನೇಜರು ಸಂಖ್ಯೆ ನೋಡಿ ತಲೆ ಕೆರೆದುಕೊಂಡರು. ಎಲ್ಲ ಕಲೆತು ಹೋಗುತ್ತದೆ ಎಂದುಕೊಂಡಿದ್ದೆವು ಎಂದರು. ಪೂಜೆಯ ಮೂಲೆಯನ್ನು ಹಾಗೇ ಬಿಟ್ಟು, ಉಳಿದ ವ್ಯಾಗನ್ನುಗಳಿಗೆ ಪಕ್ಕದ ಇನ್ನೊಂದು ರಾಶಿಯಲ್ಲಿ ಪೂಜೆಯ ಮೂಲೆ ಬಿಟ್ಟು ಪರೀಕ್ಷೆಯಾದ ಕಡೆಯ ಅದಿರು ತುಂಬಿಸಿದರು. ಸಂಜೆ ನಾಲ್ಕೂವರೆಗೆ ನಾನು ಸರ್ಟಿಫಿಕೇಟಿಗೆ ಸಹಿ ಹಾಕಿದೆ. ಅರವತ್ಮೂರು ಪಾಯಿಂಟ್ ನಾಲ್ಕು. ಖಾರದ ಪತ್ರವನ್ನು ಮುಖ್ಯ ಕೆಮಿಸ್ಟ್ ಹರಿದು ಬುಟ್ಟಿಗೆ ಹಾಕಿದರು.

ಫ್ಯಾಕ್ಸ್ ಬರುವ ತನಕದ ಒಂಬತ್ತು ದಿನ ಹೇಗೆ ಕಳೆದೆನೋ ನನಗೇ ಗೊತ್ತು. ಬಂದಾಗ ಲ್ಯಾಬಿನವರೆಲ್ಲ ಯಂತ್ರದ ಸುತ್ತ ನಿಂತಿದ್ದೆವು. ಹಾಳೆ ತೆವಳಿಕೊಂಡು ಹೊರಬಂತು. ಬಂದರಿನ ಸಂಖ್ಯೆ ಅರವತ್ಮೂರು ಪಾಯಿಂಟ್ ಮೂರು. ನಾನು ಯಾರಿಗೂ ಹೇಳದೆ ಹಾಳೆ ಕಿತ್ತುಕೊಂಡು ಯಾರ್ಡಿಗೆ ಓಡಿದೆ. ತಾತನಿಗೆ ಓದಿ ಹೇಳಿದೆ. ಅವರು ತಲೆಯ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡರು, ಕಣ್ಣಿಗೆ ಧೂಳು ಬಿತ್ತು ಎಂದರು. ನನ್ನ ಕಣ್ಣಿಗೂ ಬಿತ್ತು.

ಆ ಮೇಲೆ ಕ್ರಮ ಬದಲಾಯಿತು. ಮೊದಲ ಲಾರಿ ಸುರಿದ ಕೂಡಲೇ ತಾತ ಮಾದರಿ ತೆಗೆದಿಡುತ್ತಿದ್ದರು, ಪೂಜೆ ಆಮೇಲೆ. ಮೊದಲ ದಿನದ ಉಳಿದ ಲಾರಿಗಳಿಂದಲೂ ಅಷ್ಟೇ, ಸುರಿಯುವಾಗಲೇ ಸಲಿಕೆ. ತಾಯಿಗೂ ಅಡ್ಡಿಯಿಲ್ಲ, ಅದಿರಿಗೂ ಅಡ್ಡಿಯಿಲ್ಲ. ಈಗ ನನ್ನ ಲ್ಯಾಬಿಗೆ ಹೊಸದಾಗಿ ಸೇರುವವರನ್ನು ನಾನು ಮೊದಲ ವಾರ ಬ್ಯುರೆಟ್ಟು ಮುಟ್ಟಲು ಬಿಡುವುದಿಲ್ಲ, ಯಾರ್ಡಿಗೆ ಕಳಿಸುತ್ತೇನೆ. ಮೇಜಿಗೆ ಬರುವ ಚೀಲ ಎಲ್ಲಿಂದ ಬಂತು, ತಂದವರು ಯಾರು ಎಂದು ತಿಳಿದುಕೊಂಡು ಬನ್ನಿ ಎನ್ನುತ್ತೇನೆ. ಮುಖ ಗಂಟಿಕ್ಕಿಕೊಂಡೇ ಹೋಗುತ್ತಾರೆ, ನಾನೂ ಹಾಗೇ ಇದ್ದೆ.

ಪ್ರೊಬೇಷನ್ ಮುಗಿದು ನನ್ನ ನೌಕರಿ ಕಾಯಂ ಆದ ದಿನ ನಾಲ್ಕನೆಯ ರೇಕಿನ ಸರ್ಟಿಫಿಕೇಟ್ ಮೇಜಿನ ಮೇಲಿತ್ತು. ಅದರಲ್ಲಿ ಪರೀಕ್ಷಿಸಿದವರ ಸಹಿಯ ಪಕ್ಕ ಮಾದರಿ ತೆಗೆದವರ ಸಹಿಗೂ ಒಂದು ಜಾಗ ಇರುತ್ತದೆ. ಅಲ್ಲಿ ಯಾವತ್ತೂ ಆಫೀಸಿನವರೇ ಯಾರಾದರೂ ಗೀಚುತ್ತಿದ್ದರು. ನಾನು ಮುಖ್ಯ ಕೆಮಿಸ್ಟರನ್ನು ಕೇಳಿ, ತಾತನನ್ನು ಯಾರ್ಡಿನಿಂದ ಕರೆಸಿದೆ. ಅವರು ಕೈಯನ್ನು ಎರಡು ಸಲ ಸೋಪು ಹಾಕಿ ತೊಳೆದುಕೊಂಡು, ಕುರ್ಚಿಯ ತುದಿಯಲ್ಲಿ ಕೂತು, ಒಂದೊಂದೇ ಅಕ್ಷರವಾಗಿ ಕನ್ನಡದಲ್ಲಿ ತಮ್ಮ ಹೆಸರು ಬರೆದರು. ಜಾಗ ಸಾಲದೆ ಕೊನೆಯ ಅಕ್ಷರ ಅಂಚಿನಾಚೆ ಹೋಯಿತು.

ಮೂರು ದಿನದ ಮೇಲೆ ಬಂದರಿನಿಂದ ಫೋನು ಬಂತು. ಈ ಸಹಿ ಓದಲು ಬರುತ್ತಿಲ್ಲ, ಯಾರದು ಎಂದು ಅಲ್ಲಿಯವರು ಕೇಳಿದರಂತೆ. ಮುಖ್ಯ ಕೆಮಿಸ್ಟ್ ಓರೆಗಣ್ಣಿನಿಂದ ನನ್ನನ್ನು ನೋಡುತ್ತ, ದನಿ ಏರಿಸದೆ ಉತ್ತರ ಕೊಟ್ಟರು.

“ನಮ್ಮ ಮೇಸ್ತ್ರಿಯವರದು ರೀ. ಓದೋದು ಕಲೀರಿ. ಇನ್ನು ಮುಂದ ಆ ಸಹಿ ಇಲ್ಲದ ಕಾಗದ ನಮ್ಮ ಲ್ಯಾಬಿಂದ ಬರಂಗಿಲ್ಲ.”